ಬಳಸದೆ ಇಟ್ಟುಕೊಂಡ ಅಧಿಕಾರ

ಒಬ್ಬನ ಬಳಿ ಊರಿನ ಎಲ್ಲ ಮನೆಗಳ ಬೀಗದ ಕೈಗಳೂ ಇವೆಯೆಂದು ಭಾವಿಸೋಣ. ಅವನು ಸಜ್ಜನ, ತನ್ನ ಮನೆಯ ಬಾಗಿಲನ್ನಲ್ಲದೆ ಬೇರೊಂದು ಬಾಗಿಲನ್ನು ಒಂದು ದಿನವೂ ತೆರೆದವನಲ್ಲ. ಇಂಥವನಲ್ಲಿ ದೋಷವುಂಟೆ? ಲೋಕರೂಢಿಯಂತೆ ಉತ್ತರಿಸುವವರು ಇಲ್ಲವೆನ್ನುವರು. ಕದಿಯದವನು ಕಳ್ಳನಲ್ಲ, ತೆರೆಯದವನು ಅಪರಾಧಿಯಲ್ಲ ಎಂಬುದು ಅವರ ನ್ಯಾಯ. ಆದರೆ ಆ ಬೀಗದ ಕೈಗಳ ಗೊಂಚಲು ಒಂದು ರಾತ್ರಿ ಅವನ ಸೊಂಟದಿಂದ ಜಾರಿ ಬೀದಿಯಲ್ಲಿ ಬಿದ್ದರೆ ಹಾನಿ ಯಾರಿಗೆ? ಊರಿನವರೆಲ್ಲರಿಗೂ. ಅವನ ಸಜ್ಜನಿಕೆ ಆಗ ಅವರನ್ನು ಕಾಯಲಾರದು. ಹಾಗಾದರೆ, ತನಗೆ ಪ್ರಯೋಜನವಿಲ್ಲದ ಅಧಿಕಾರವನ್ನು ಬಳಸದೆ ಸುಮ್ಮನೆ ಇಟ್ಟುಕೊಂಡಿರುವುದು ನಿರ್ದೋಷವೋ ಸದೋಷವೋ ಎಂಬುದು ವಿಚಾರಣೀಯವಾದ ಸಂಗತಿ.

ಈ ಪ್ರಶ್ನೆಯನ್ನು ಕಳೆದ ಐವತ್ತು ವರ್ಷಗಳಿಗೂ ಮಿಕ್ಕಿ ನಿತ್ಯವೂ ಎದುರಿಸುತ್ತ ಬಂದವರೆಂದರೆ ಗಣಕಯಂತ್ರಗಳ ವ್ಯವಸ್ಥೆಯನ್ನು ಕಟ್ಟುವವರು. ಅವರು ಕಂಡುಕೊಂಡ ಉತ್ತರವನ್ನು ನಮ್ಮ ಮನೆತನಗಳೂ ಅರಿಯುವುದು ಉಚಿತ. ಏಕೆಂದರೆ ಇಂದು ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿ, ಆಸ್ಪತ್ರೆಯ ವರದಿ, ಬ್ಯಾಂಕಿನ ಲೆಕ್ಕ, ಇವೆಲ್ಲವೂ ಕಾಗದದಿಂದ ಯಂತ್ರಕ್ಕೆ ಹೋಗಿ ಸೇರಿವೆ. ಸಾವಿರಾರು ಜನರ ಬದುಕಿನ ಪತ್ರಗಳು ಒಂದೇ ಯಂತ್ರದೊಳಗೆ ಒಂದರ ಪಕ್ಕದಲ್ಲೊಂದು ಇರುವಾಗ, ಯಾರು ಯಾವುದನ್ನು ಮುಟ್ಟಬಹುದೆಂಬ ನಿಯಮವು ಕೇವಲ ಯಂತ್ರಶಾಸ್ತ್ರದ ಮಾತಾಗಿ ಉಳಿಯುವುದಿಲ್ಲ.

ಮೊದಲು ವಿಷಯದ ಪರಿಚಯ ಮಾಡಿಕೊಳ್ಳೋಣ. ಯಂತ್ರದಲ್ಲಿ ಬರೆದಿಟ್ಟ ಒಂದೊಂದು ಬರಹಕ್ಕೂ ಕಡತವೆಂದು ಹೆಸರು. ಕಡತಗಳನ್ನು ಹೊಂದಿಸಿಡುವ ಕೋಶಕ್ಕೆ ಡೈರೆಕ್ಟರಿ ಎನ್ನುವರು. ಮನೆಯ ಮಕ್ಕಳು ಫೋಲ್ಡರ್ ಎನ್ನುವುದು ಇದನ್ನೇ. ಒಂದು ಡೈರೆಕ್ಟರಿಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಇರಬಹುದು. ಇವುಗಳನ್ನೂ ಯಂತ್ರದ ಇತರ ಭಾಗಗಳನ್ನೂ ಆಳುವ ಮೂಲ ವ್ಯವಸ್ಥೆಯೇ ಆಪರೇಟಿಂಗ್ ಸಿಸ್ಟಂ. ಯಾವ ಮನುಷ್ಯನಾಗಲಿ, ಯಾವ ಪ್ರೋಗ್ರಾಂ ಆಗಲಿ ಒಂದು ಕಡತವನ್ನು ತೆರೆಯಬೇಕಾದರೆ ಈ ವ್ಯವಸ್ಥೆಯ ಅಪ್ಪಣೆ ಬೇಕು.

೧೯೬೫ರಿಂದ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆ, ಬೆಲ್ ಪ್ರಯೋಗಾಲಯ ಮತ್ತು ಜನರಲ್ ಎಲೆಕ್ಟ್ರಿಕ್ ಕಂಪನಿಗಳು ಜೊತೆಗೂಡಿ, ಅನೇಕರು ಏಕಕಾಲದಲ್ಲಿ ಬಳಸಬಹುದಾದ ಮಲ್ಟಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದವು. ೧೯೬೯ರಲ್ಲಿ ಬೆಲ್ ಪ್ರಯೋಗಾಲಯವು ಆ ಕಾರ್ಯದಿಂದ ಹೊರಬಂದಿತು. ಅದೇ ವರ್ಷ ಅಲ್ಲಿನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಯೂನಿಕ್ಸ್ ಎಂಬ ಚಿಕ್ಕದಾದ ವ್ಯವಸ್ಥೆಯೊಂದಕ್ಕೆ ತಳಹದಿ ಹಾಕಿದರು. ಇಂದಿನ ಲಿನಕ್ಸ್ ಮೊದಲಾದ ಹಲವು ವ್ಯವಸ್ಥೆಗಳು ಯೂನಿಕ್ಸಿನ ಅನುಮತಿಕ್ರಮವನ್ನೇ ಅನುಸರಿಸುತ್ತವೆ.

ಆ ಕ್ರಮವು ಸರಳವಾದುದು. ಪ್ರತಿಯೊಂದು ಕಡತಕ್ಕೂ ಡೈರೆಕ್ಟರಿಗೂ ಒಬ್ಬ ಒಡೆಯನಿರುವನು, ಒಂದು ಗುಂಪು ಇರುವುದು; ಉಳಿದವರು ಇತರರು. ಈ ಮೂರು ಬಗೆಯವರಿಗೂ ಓದುವ, ಬರೆಯುವ, ನಡೆಸುವ ಎಂಬ ಮೂರು ಅನುಮತಿಗಳನ್ನು ಬೇರೆಬೇರೆಯಾಗಿ ಕೊಡಬಹುದು ಅಥವಾ ಕೊಡದಿರಬಹುದು. ಓದುವುದಕ್ಕೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧ ಎಂದು ಎಣಿಸಿ, ಮೂರು ಅಂಕಿಗಳಲ್ಲಿ ಎಲ್ಲವನ್ನೂ ಹೇಳಿಬಿಡುವರು. ೭೦೦ ಎಂದರೆ ಒಡೆಯನಿಗೆ ಎಲ್ಲವೂ, ಮಿಕ್ಕವರಿಗೆ ಏನೂ ಇಲ್ಲ. ೭೫೫ ಎಂದರೆ ಒಡೆಯನಿಗೆ ಎಲ್ಲವೂ, ಮಿಕ್ಕವರಿಗೆ ಬರೆಯುವುದನ್ನುಳಿದು ಎರಡು. ೭೭೭ ಎಂದರೆ ಯಾರಿಗೂ ಯಾವುದಕ್ಕೂ ತಡೆಯಿಲ್ಲ.

ಡೈರೆಕ್ಟರಿಯ ವಿಷಯದಲ್ಲಿ ಈ ಮೂರು ಅನುಮತಿಗಳ ಅರ್ಥ ಸ್ವಲ್ಪ ಬೇರೆ. ಅದನ್ನು ಗಮನವಿಟ್ಟು ತಿಳಿಯಬೇಕು. ಡೈರೆಕ್ಟರಿಯನ್ನು ಓದುವುದೆಂದರೆ ಅದರೊಳಗಿರುವ ಹೆಸರುಗಳ ಪಟ್ಟಿಯನ್ನು ನೋಡುವುದು. ಬರೆಯುವುದೆಂದರೆ ಆ ಪಟ್ಟಿಗೆ ಹೆಸರನ್ನು ಸೇರಿಸುವುದು, ತೆಗೆಯುವುದು, ಬದಲಿಸುವುದು. ಮೂರನೆಯದು ಅದರ ಹೊಸ್ತಿಲು ದಾಟಿ ಒಳಗೆ ಹೋಗುವ ಪ್ರವೇಶಾನುಮತಿ. ಬರೆಯುವ ಅನುಮತಿಯೂ ಪ್ರವೇಶಾನುಮತಿಯ ಜೊತೆಗೂಡಿದರೆ ಮಾತ್ರ ಫಲಿಸುತ್ತದೆ. ಒಂದು ಡೈರೆಕ್ಟರಿಗೆ ೭೧೧ ಎಂಬ ಅನುಮತಿಯಿದ್ದರೆ, ಇತರರು ಒಳಗಿನ ಪಟ್ಟಿಯನ್ನು ನೋಡಲಾರರು; ಆದರೆ ತಮಗೆ ಹೆಸರು ಗೊತ್ತಿರುವ ಕಡತವನ್ನು, ಆ ಕಡತದ ಅನುಮತಿಯಿದ್ದರೆ, ಹೋಗಿ ಓದಬಲ್ಲರು. ಅಂಚೆ ಕಚೇರಿಯಲ್ಲಿ ನಮ್ಮ ಹೆಸರು ಹೇಳಿ ನಮ್ಮ ಕಾಗದವನ್ನು ಕೇಳಬಹುದು, ಆದರೆ ಊರಿನ ಕಾಗದಗಳ ಕಟ್ಟನ್ನೆಲ್ಲ ಬಿಚ್ಚಿ ನೋಡುವಂತಿಲ್ಲವಷ್ಟೆ, ಹಾಗೆ. ಇದಲ್ಲದೆ, ಒಳಗಿನ ಕಡತವನ್ನು ಮುಟ್ಟಲು ದಾರಿಯಲ್ಲಿ ಬರುವ ಪ್ರತಿಯೊಂದು ಡೈರೆಕ್ಟರಿಯ ಪ್ರವೇಶಾನುಮತಿಯೂ ಬೇಕು. ನಡುವಿನ ಒಂದು ಹೊಸ್ತಿಲು ಮುಚ್ಚಿದ್ದರೆ ಒಳಮನೆಯ ಬಾಗಿಲು ತೆರೆದಿದ್ದರೂ ಪ್ರಯೋಜನವಿಲ್ಲ.

ಇಲ್ಲಿಯೇ ಅನೇಕರು ತಿಳಿಯದ ಒಂದು ಸೂಕ್ಷ್ಮವಿದೆ. ಒಂದು ಕಡತವನ್ನು ಅಳಿಸಿಹಾಕುವ ಅಧಿಕಾರವು ಆ ಕಡತದ ಅನುಮತಿಯನ್ನು ಅವಲಂಬಿಸಿಲ್ಲ. ಅದು ಇರುವ ಡೈರೆಕ್ಟರಿಯ ಅನುಮತಿಯನ್ನು ಅವಲಂಬಿಸಿದೆ. ತರಗತಿಯ ಹಾಜರಿ ಪುಸ್ತಕವನ್ನು ನೆನೆಯಿರಿ. ಮಗುವಿನ ಹೆಸರನ್ನು ಹೊಡೆದುಹಾಕಲು ಆ ಮಗುವಿನ ಒಪ್ಪಿಗೆ ಬೇಕಿಲ್ಲ. ಹಾಜರಿ ಪುಸ್ತಕದಲ್ಲಿ ಬರೆಯುವ ಅಧಿಕಾರವಿದ್ದರೆ ಸಾಕು. ಡೈರೆಕ್ಟರಿಯೂ ಹೆಸರುಗಳ ಅಂಥದೊಂದು ಪುಸ್ತಕ. ಶಾಲೆಯ ಕಚೇರಿಯ ಗುಮಾಸ್ತನೊಬ್ಬನು ಅಂಕಗಳ ಕಡತವನ್ನು ತನ್ನ ಹೊರತು ಯಾರೂ ಓದದಂತೆ, ತಿದ್ದದಂತೆ ಭದ್ರಪಡಿಸಿ ನಿಶ್ಚಿಂತನಾಗಿರಬಹುದು. ಆದರೆ ಆ ಕಡತವಿರುವ ಡೈರೆಕ್ಟರಿಯನ್ನು ಎಲ್ಲರೂ ಬರೆಯುವಂತೆ ಬಿಟ್ಟಿದ್ದರೆ, ಅಂಕಗಳನ್ನು ಓದಲಾರದ ಮನುಷ್ಯನೂ ಆ ಕಡತವನ್ನು ತೆಗೆದುಹಾಕಿ, ಅದೇ ಹೆಸರಿನಲ್ಲಿ ಬೇರೊಂದನ್ನು ಇಡಬಲ್ಲನು. ಎಲ್ಲರೂ ತಾತ್ಕಾಲಿಕವಾಗಿ ಕಡತಗಳನ್ನಿಡುವ ಸಾರ್ವಜನಿಕ ಡೈರೆಕ್ಟರಿಗಳಲ್ಲಿ ಇದೊಂದು ತೊಡಕಾಗಿತ್ತು. ೧೯೮೬ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ ಹೊರಬಂದ ಯೂನಿಕ್ಸ್ ಆವೃತ್ತಿಯು ಇದಕ್ಕೊಂದು ಪರಿಹಾರ ತಂದಿತು. ಡೈರೆಕ್ಟರಿಯ ಮೇಲೆ ಒಂದು ವಿಶೇಷ ಗುರುತನ್ನಿಟ್ಟರೆ, ಎಲ್ಲರೂ ಅದರಲ್ಲಿ ಕಡತಗಳನ್ನು ಇಡಬಹುದು. ಆದರೆ ಕಡತದ ಒಡೆಯ, ಡೈರೆಕ್ಟರಿಯ ಒಡೆಯ ಮತ್ತು ಸರ್ವಾಧಿಕಾರಿ, ಇವರ ಹೊರತು ಯಾರೂ ಅದನ್ನು ತೆಗೆಯುವಂತಿಲ್ಲ.

ಸರ್ವಾಧಿಕಾರಿ ಎಂದೆವು. ಯೂನಿಕ್ಸಿನಲ್ಲಿ ರೂಟ್ ಎಂಬ ಹೆಸರಿನ ಒಂದು ಬಳಕೆದಾರ ಸ್ಥಾನವಿದೆ. ಅದರ ಸಂಖ್ಯೆ ಸೊನ್ನೆ. ಮೇಲೆ ಹೇಳಿದ ಯಾವ ತಡೆಯೂ ಅದನ್ನು ನಿಲ್ಲಿಸದು. ಅದರ ಅಧಿಕಾರದಿಂದ ನಡೆಯುವ ಪ್ರೋಗ್ರಾಂ ಯಾರ ಕಡತವನ್ನಾದರೂ ಓದೀತು, ಯಾರ ಕೋಶವನ್ನಾದರೂ ಅಳಿಸೀತು. ಯಂತ್ರದ ಪಾಲಕರಿಗೆ ಅಂಥ ಅಧಿಕಾರ ಕೆಲವೊಮ್ಮೆ ಬೇಕೇಬೇಕು. ಆದರೆ ಬೆಳಗಿನಿಂದ ಸಂಜೆಯವರೆಗೆ ಅದರಲ್ಲಿಯೇ ಕುಳಿತು ಪತ್ರ ಬರೆಯುವುದು, ಲೆಕ್ಕ ಮಾಡುವುದು ಯುಕ್ತವೇ?

ಯುಕ್ತವಲ್ಲವೆಂದು ಖಚಿತವಾಗಿ ಹೇಳಿದವರು ಎಂ.ಐ.ಟಿ.ಯ ಜೆರೋಮ್ ಸಾಲ್ಟ್‌ಜರ್. ೧೯೭೪ರಲ್ಲಿ ಮಲ್ಟಿಕ್ಸ್ ಕುರಿತ ಪ್ರಬಂಧದಲ್ಲಿ, ಮರುವರ್ಷ ಮೈಕೆಲ್ ಶ್ರೋಡರ್ ಅವರೊಡನೆ ಬರೆದ ದೀರ್ಘ ಪ್ರಬಂಧದಲ್ಲಿ ಅವರು ಪ್ರತಿಪಾದಿಸಿದ ತತ್ತ್ವಕ್ಕೆ ಕನಿಷ್ಠಾಧಿಕಾರ ತತ್ತ್ವವೆನ್ನಬಹುದು. ಪ್ರತಿಯೊಬ್ಬ ಬಳಕೆದಾರನೂ ಪ್ರತಿಯೊಂದು ಪ್ರೋಗ್ರಾಮೂ ಕೈಗೊಂಡ ಕೆಲಸಕ್ಕೆ ಎಷ್ಟು ಅಧಿಕಾರ ಅವಶ್ಯವೋ ಅಷ್ಟನ್ನು ಮಾತ್ರ ಹೊಂದಿ ಕೆಲಸಮಾಡಬೇಕು ಎಂಬುದು ಅದರ ತಾತ್ಪರ್ಯ. ೧೯೭೫ರ ಪ್ರಬಂಧದಲ್ಲಿ ಇಂಥ ಎಂಟು ತತ್ತ್ವಗಳಿವೆ. ಅವುಗಳಲ್ಲಿ ಇನ್ನೊಂದನ್ನೂ ಇದರ ಜೊತೆಗೆ ಓದಬೇಕು: ಅನುಮತಿ ಇಲ್ಲದಿರುವುದೇ ಸಹಜಸ್ಥಿತಿಯಾಗಿರಬೇಕು, ಕೊಡುವುದಕ್ಕೆ ಕಾರಣ ಬೇಕು, ನಿರಾಕರಿಸುವುದಕ್ಕೆ ಬೇಡ.

ಇಲ್ಲಿ ಮೊದಲನೆಯ ಶಂಕೆ ಏಳುತ್ತದೆ. 'ನಂಬಿಕಸ್ಥರಾದವರಿಗೆ ಎಲ್ಲೆ ಕಟ್ಟುವುದು ಅವರಿಗೆ ಮಾಡಿದ ಅವಮಾನವಲ್ಲವೇ? ಇಪ್ಪತ್ತು ವರ್ಷ ನಿಷ್ಠೆಯಿಂದ ದುಡಿದವನಿಗೆ ಈ ಡೈರೆಕ್ಟರಿ ನಿನಗಲ್ಲವೆಂದರೆ ಅವನ ಮನಸ್ಸು ನೋಯದೇ?'

ಸಮಾಧಾನ ಹೀಗಿದೆ. ಕನಿಷ್ಠಾಧಿಕಾರ ತತ್ತ್ವವು ದುಷ್ಟರ ಸಲುವಾಗಿ ಮಾತ್ರ ಹುಟ್ಟಿದುದಲ್ಲ. ಆಕಸ್ಮಿಕದಿಂದ ಹಾಗೂ ಕೈತಪ್ಪಿನಿಂದ ಆಗುವ ಹಾನಿಯನ್ನು ಮಿತಗೊಳಿಸುವುದು ಇದರ ಮುಖ್ಯ ಪ್ರಯೋಜನವೆಂದು ಅದರ ಕರ್ತೃಗಳೇ ಹೇಳಿದ್ದಾರೆ. ಶೀಲವು ಕಳ್ಳತನವನ್ನು ತಡೆದೀತು. ಆಯಾಸವನ್ನು, ಮರೆವನ್ನು, ಅವಸರವನ್ನು ತಡೆಯಲಾರದು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಅದರ ಒಳಗೇ ಇರಿಸಿರುವುದನ್ನು ನಮ್ಮ ವಾಚಕರು ಬಲ್ಲರು. ಜೀವಹಾನಿಯ ಮಾತು ಬೇರೆ, ಕಡತದ ಮಾತು ಬೇರೆ ಎಂಬುದು ನಿಜ. ಆದರೂ ಕೆಡುಕಿನ ಮೂಲವನ್ನು ದ್ವೇಷದಲ್ಲಿ ಮಾತ್ರ ಹುಡುಕದೆ ಎಚ್ಚರಗೇಡಿತನದಲ್ಲಿಯೂ ಹುಡುಕಬೇಕೆಂಬ ವಿವೇಕ ಎರಡಕ್ಕೂ ಸಮಾನ.

ಇದಕ್ಕೊಂದು ನಿದರ್ಶನ ಕೊಡುವೆನು. ಪ್ರೋಗ್ರಾಂ ಬರೆಯುವವರ ಕೃತಿಗಳನ್ನು ಕಾಪಾಡಿಕೊಡುವ ಗಿಟ್‌ಲ್ಯಾಬ್ ಎಂಬ ಕಂಪನಿಯಿದೆ. ೨೦೧೭ರ ಜನವರಿ ೩೧ರ ರಾತ್ರಿ ಅಲ್ಲಿನ ಒಬ್ಬ ಎಂಜಿನಿಯರ್ ದೀರ್ಘಕಾಲದ ದುಡಿಮೆಯ ನಂತರ, ಎರಡನೆಯ ಯಂತ್ರದಲ್ಲಿದ್ದ ದತ್ತಾಂಶದ ಡೈರೆಕ್ಟರಿಯನ್ನು ಅಳಿಸಲು ಹೊರಟು, ಮೊದಲನೆಯ ಯಂತ್ರದ ಡೈರೆಕ್ಟರಿಯನ್ನು ಅಳಿಸತೊಡಗಿದರು. ಒಂದೆರಡು ಕ್ಷಣಗಳಲ್ಲಿಯೇ ತಪ್ಪು ಅರಿವಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು ೩೦೦ ಗಿಗಾಬೈಟ್ ದತ್ತಾಂಶದಲ್ಲಿ ಉಳಿದುದು ೪.೫ ಗಿಗಾಬೈಟ್ ಮಾತ್ರ. ನಿಯಮಿತವಾಗಿ ತೆಗೆದಿಟ್ಟ ಪ್ರತಿಗಳೂ ಕೈಕೊಟ್ಟವು. ಆಕಸ್ಮಿಕವಾಗಿ ಆರು ತಾಸು ಮುಂಚೆ ತೆಗೆದಿದ್ದ ಒಂದು ಪ್ರತಿಯಿಂದ ಉಳಿದುದನ್ನು ಮರಳಿ ಪಡೆದರು. ಆ ಆರು ತಾಸಿನ ಕೆಲಸ ಅನೇಕರಿಗೆ ಶಾಶ್ವತವಾಗಿ ಹೋಯಿತು. ಕಂಪನಿಯು ಇದನ್ನು ಮುಚ್ಚಿಡದೆ ಪ್ರಕಟಿಸಿ, ಆ ನೌಕರರ ಹೆಸರನ್ನು ಮುಂದೆ ಮಾಡದಿದ್ದುದು ಸ್ತುತ್ಯ. ಅವರು ದುಷ್ಟರಲ್ಲ, ಸೋಮಾರಿಗಳಲ್ಲ; ಕರ್ತವ್ಯನಿಷ್ಠರು. ಆ ಗಳಿಗೆಯ ಕೆಲಸಕ್ಕೆ ಬೇಕಿದ್ದುದು ಎರಡನೆಯ ಯಂತ್ರದ ಮೇಲಿನ ಅಧಿಕಾರ. ಕೈಯಲ್ಲಿದ್ದುದು ಎರಡರ ಮೇಲೆಯೂ. ಹೆಚ್ಚಿಗೆ ಇದ್ದ ಆ ಅಧಿಕಾರವನ್ನು ಅವರು ಬಳಸಬೇಕೆಂದು ಬಯಸಿರಲಿಲ್ಲ. ಆದರೂ ಅದು ಬಳಕೆಯಾಯಿತು. ಎಲ್ಲೆಯೊಂದಿದ್ದಿದ್ದರೆ ಮೊದಲು ಉಪಕಾರವಾಗುತ್ತಿದ್ದುದು ಅವರಿಗೇ. ಆದಕಾರಣ ಎಲ್ಲೆಯನ್ನು ಅವಿಶ್ವಾಸವೆಂದು ಭಾವಿಸುವುದು ಸರಿಯಲ್ಲ. ಸಜ್ಜನನಿಗೆ ಅದು ಆಸರೆ.

ಇನ್ನು ಎರಡನೆಯ ತೊಡಕು. ಕೆಲಸಗಳು ಎಷ್ಟೋ ಬಾರಿ ತನ್ನ ಅಧಿಕಾರವನ್ನು ಮೀರಿದುದನ್ನು ಸ್ವಲ್ಪವಾಗಿ ಬೇಡುತ್ತವೆ. ತನ್ನ ಗುಪ್ತಪದವನ್ನು ಬದಲಿಸಿಕೊಳ್ಳುವವನು ಎಲ್ಲರ ಗುಪ್ತಪದಗಳಿರುವ ಕಡತದಲ್ಲಿ ಒಂದು ಸಾಲನ್ನು ತಿದ್ದಬೇಕಾಗುತ್ತದೆ; ಆದರೆ ಆ ಕಡತವನ್ನು ಅವನ ಕೈಗೆ ಕೊಡಲಾಗದು. ಡೆನಿಸ್ ರಿಚಿ ಇದಕ್ಕೆ ಉಪಾಯ ಕಂಡುಹಿಡಿದರು. ಅದಕ್ಕೆ ೧೯೭೯ರಲ್ಲಿ ಪೇಟೆಂಟ್ ದೊರೆಯಿತು. ಒಂದು ಪ್ರೋಗ್ರಾಮಿನ ಮೇಲೆ ವಿಶೇಷ ಗುರುತನ್ನಿಟ್ಟರೆ, ಅದನ್ನು ಯಾರೇ ನಡೆಸಲಿ, ಅದು ತನ್ನ ಒಡೆಯನ ಅಧಿಕಾರದಿಂದ ನಡೆಯುತ್ತದೆ. ಸುಮಾರು ೧೯೮೦ರಲ್ಲಿ ಅಮೆರಿಕದ ಬಫಲೊ ನಗರದ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸುಡೂ ಎಂಬ ಪ್ರೋಗ್ರಾಂ ಇದೇ ಉಪಾಯದ ಮೇಲೆ ನಿಂತಿದೆ. ಪಾಲಕನು ಸಾಮಾನ್ಯನಾಗಿಯೇ ದಿನವಿಡೀ ಇದ್ದು, ಬೇಕಾದ ಒಂದು ಆಜ್ಞೆಗೆ ಮಾತ್ರ ಸರ್ವಾಧಿಕಾರವನ್ನು ಪಡೆದು, ಅದು ಮುಗಿದೊಡನೆ ಬಿಟ್ಟುಬಿಡಲು ಇದು ಅನುಕೂಲ ಮಾಡಿಕೊಟ್ಟಿತು.

ಆದರೆ ಅಧಿಕಾರವನ್ನು ಸೇವಕನ ಕೈಗೆ ಕೊಟ್ಟಾಗ ಇನ್ನೊಂದು ಅಪಾಯ ಬರುತ್ತದೆ. ನಾರ್ಮನ್ ಹಾರ್ಡಿ ಎಂಬವರು ೧೯೮೮ರಲ್ಲಿ ಪ್ರಕಟಿಸಿದ ಕಿರುಲೇಖನದಲ್ಲಿ, ತಾವು ಹಿಂದೆ ಕೆಲಸಮಾಡುತ್ತಿದ್ದ ಟೈಮ್‌ಶೇರ್ ಕಂಪನಿಯಲ್ಲಿ ನಡೆದ ಸಂಗತಿಯನ್ನು ವಿವರಿಸಿದ್ದಾರೆ. ಅಲ್ಲಿನ ಯಂತ್ರದಲ್ಲಿ ಎಲ್ಲ ಗಿರಾಕಿಗಳೂ ಬಳಸುವ ಅನುವಾದಕ ಪ್ರೋಗ್ರಾಂ ಒಂದಿತ್ತು. ಬಳಕೆಯ ಅಂಕಿಅಂಶಗಳನ್ನು ದಾಖಲಿಸಲೆಂದು, ತಾನಿರುವ ಡೈರೆಕ್ಟರಿಯೊಳಗಿನ ಕಡತಗಳಲ್ಲಿ ಬರೆಯುವ ಅನುಮತಿಯನ್ನು ಅದಕ್ಕೆ ಕೊಟ್ಟಿದ್ದರು. ಗಿರಾಕಿಗಳು ಕೊಡಬೇಕಾದ ಹಣದ ಲೆಕ್ಕದ ಕಡತವೂ ಅದೇ ಡೈರೆಕ್ಟರಿಯಲ್ಲಿತ್ತು. ತಪ್ಪುಗಳ ವಿವರವನ್ನು ಯಾವ ಕಡತದಲ್ಲಿ ಬರೆಯಬೇಕೆಂದು ಗಿರಾಕಿಯೇ ಅನುವಾದಕಕ್ಕೆ ಹೆಸರು ಹೇಳಬಹುದಾಗಿತ್ತು. ಒಬ್ಬ ಗಿರಾಕಿ ಆ ಲೆಕ್ಕದ ಕಡತದ ಹೆಸರನ್ನೇ ಹೇಳಿದನು. ಅವನಿಗೆ ಸ್ವತಃ ಅದರಲ್ಲಿ ಒಂದಕ್ಷರ ಬರೆಯುವ ಅಧಿಕಾರವಿರಲಿಲ್ಲ. ಆದರೆ ಸೇವಕನಿಗೆ ಇತ್ತು. ವ್ಯವಸ್ಥೆಯು ಸೇವಕನ ಅನುಮತಿಯನ್ನು ನೋಡಿ ಬರೆಯಲು ಬಿಟ್ಟಿತು, ಲೆಕ್ಕವೆಲ್ಲ ನಾಶವಾಯಿತು. ಅನುವಾದಕವು ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿತ್ತು. ತನ್ನ ಕೈಯಲ್ಲಿರುವ ಎರಡು ಅಧಿಕಾರಗಳಲ್ಲಿ ಯಾವುದನ್ನು ಯಾರ ಸಲುವಾಗಿ ಬಳಸುತ್ತಿದ್ದೇನೆಂಬ ವಿವೇಚನೆ ಅದಕ್ಕಿರಲಿಲ್ಲ, ಅಷ್ಟೆ.

ಇದನ್ನು ಓದಿದಾಗ ದೇಶವ್ರತದ ಅತಿಚಾರಗಳು ನೆನಪಾಗದಿರವು. ಇಷ್ಟು ಸ್ಥಳದ ಆಚೆಗೆ ಹೋಗೆನೆಂದು ನಿಯಮ ಮಾಡಿಕೊಂಡ ಶ್ರಾವಕನು ತಾನು ಎಲ್ಲೆಯೊಳಗೇ ಕುಳಿತು ಸೇವಕನನ್ನು ಆಚೆಗೆ ಕಳಿಸಿ ಕೆಲಸ ಮಾಡಿಸಿದರೆ, ಅದಕ್ಕೆ ಪ್ರೇಷ್ಯಪ್ರಯೋಗವೆಂದು ಹೆಸರು. ಕಾಲು ಎಲ್ಲೆ ದಾಟದಿದ್ದರೂ ವ್ರತಕ್ಕೆ ಮಲಿನತೆ ತಗುಲಿತು. ಎಲ್ಲೆಯನ್ನು ಮನುಷ್ಯನಿಗೆ ಮಾತ್ರ ಕಟ್ಟಿ, ಅವನ ಪರವಾಗಿ ನಡೆಯುವ ಕೈಗಳಿಗೆ ಕಟ್ಟದಿದ್ದರೆ ಎಲ್ಲೆ ನಿಲ್ಲುವುದಿಲ್ಲವೆಂಬುದನ್ನು ನಮ್ಮ ಆಚಾರ್ಯರು ಬಹು ಹಿಂದೆಯೇ ಗುರುತಿಸಿದ್ದರು. ಯಂತ್ರಜ್ಞರು ತಮ್ಮ ದಾರಿಯಲ್ಲಿ ನಡೆದು ಅದೇ ಸ್ಥಳಕ್ಕೆ ಬಂದು ಸೇರಿದರು.

ಆ ದಾರಿಯಲ್ಲಿ ಇನ್ನೂ ಮುಂದೆ ಹೋದವರುಂಟು. ಓಪನ್‌ಬಿಎಸ್‌ಡಿ ಎಂಬ ಯೂನಿಕ್ಸ್ ಸಂತತಿಯ ವ್ಯವಸ್ಥೆಯಲ್ಲಿ ೨೦೧೬ರಲ್ಲಿ ಪ್ಲೆಡ್ಜ್ ಎಂಬ ಒಂದು ಸೌಕರ್ಯವನ್ನು ಸೇರಿಸಿದರು. ಆ ಪದಕ್ಕೆ ಪ್ರತಿಜ್ಞೆಯೆಂದೇ ಅರ್ಥ. ಪ್ರೋಗ್ರಾಂ ತನ್ನ ಕೆಲಸದ ಆರಂಭದಲ್ಲಿ ತಾನೇ ವ್ಯವಸ್ಥೆಗೆ ಹೇಳುತ್ತದೆ: ಇಂದಿನಿಂದ ನನಗೆ ಇಷ್ಟು ಬಗೆಯ ಕಾರ್ಯಗಳು ಸಾಕು, ಮಿಕ್ಕುವನ್ನು ಬಿಟ್ಟೆನು. ಹಾಗೆ ಹೇಳಿದ ಮೇಲೆ ಅದನ್ನು ಇನ್ನೂ ಕಿರಿದಾಗಿಸಬಹುದು, ಹಿಗ್ಗಿಸಲಾಗದು. ಮೀರಿದರೆ ವ್ಯವಸ್ಥೆಯು ಆ ಪ್ರೋಗ್ರಾಮನ್ನು ತತ್‌ಕ್ಷಣ ನಿಲ್ಲಿಸಿಬಿಡುತ್ತದೆ. ೨೦೧೮ರಲ್ಲಿ ಅನ್‌ವೇಲ್ ಎಂಬ ಇನ್ನೊಂದು ಸೌಕರ್ಯ ಬಂದಿತು. ಇದರಿಂದ ಪ್ರೋಗ್ರಾಂ ತನಗೆ ಬೇಕಾದ ಡೈರೆಕ್ಟರಿಗಳನ್ನು ಮಾತ್ರ ಹೆಸರಿಸಿ ಪಟ್ಟಿಯನ್ನು ಮುಚ್ಚಿದರೆ, ಉಳಿದ ಕಡತವ್ಯವಸ್ಥೆಯೆಲ್ಲವೂ ಅದರ ಪಾಲಿಗೆ ಇಲ್ಲದಂತೆಯೇ ಆಗುತ್ತದೆ. ಜಾಲತಾಣಗಳನ್ನು ನೋಡುವ ಪ್ರೋಗ್ರಾಂ ಹೀಗೆ ಎಲ್ಲೆ ಹಾಕಿಕೊಂಡಿದ್ದಲ್ಲಿ, ಯಾವನೋ ವಂಚಕನು ಅದನ್ನು ವಶಮಾಡಿಕೊಂಡರೂ ಒಡೆಯನ ಗುಪ್ತ ಕಡತಗಳ ಹತ್ತಿರ ಸುಳಿಯಲಾರನು. ಲಿನಕ್ಸಿಗೂ ೨೦೨೧ರಲ್ಲಿ ಲ್ಯಾಂಡ್‌ಲಾಕ್ ಎಂಬ ಹೆಸರಿನಲ್ಲಿ ಇಂಥದೇ ಏರ್ಪಾಡು ಸೇರಿತು. ಹತ್ತು ದಿಕ್ಕುಗಳಿಗೂ ಮಿತಿ ಹಾಕಿಕೊಳ್ಳುವ ದಿಗ್ವ್ರತ, ಅದರೊಳಗೆ ಇಂದಿನ ದಿನಕ್ಕೆ ಇನ್ನೂ ಕಿರಿದಾದ ಎಲ್ಲೆ ಹಾಕಿಕೊಳ್ಳುವ ದೇಶವ್ರತ, ಇವೆರಡರ ಸಂಬಂಧವನ್ನು ಬಲ್ಲವರಿಗೆ ಈ ಏರ್ಪಾಡು ಅಪರಿಚಿತವೆನಿಸದು.

ಇಲ್ಲಿ ಎರಡನೆಯ ಶಂಕೆ ಬರುತ್ತದೆ. 'ಯಂತ್ರವು ಬಲವಂತದಿಂದ ತಡೆದರೆ ಅದರಲ್ಲಿ ಸಂಯಮವೆಲ್ಲಿದೆ? ಮಾಡಬಲ್ಲವನಾಗಿದ್ದೂ ಮಾಡದಿರುವುದೇ ತ್ಯಾಗ. ಮಾಡಲು ಬಾರದಂತೆ ಕಟ್ಟಿಹಾಕಿದವನಿಗೆ ಪುಣ್ಯವಿಲ್ಲ.'

ಈ ಮಾತು ಸತ್ಯವೇ. ಪ್ರೋಗ್ರಾಮಿಗೆ ಆತ್ಮವಿಲ್ಲ, ಆದುದರಿಂದ ಅದಕ್ಕೆ ಸಂಯಮವೂ ಇಲ್ಲ. ಆದರೆ ಆ ಎಲ್ಲೆಯನ್ನು ಬರೆದ ಮನುಷ್ಯನಿಗೆ ಎಲ್ಲವನ್ನೂ ಕೇಳುವ ಅವಕಾಶವಿತ್ತು. ಎಲ್ಲವನ್ನೂ ಕೇಳುವುದು ಸುಲಭ. ಯಾವುದು ಬೇಕು, ಯಾವುದು ಬೇಡವೆಂದು ಕುಳಿತು ಎಣಿಸುವುದು ಶ್ರಮ. ಆ ಶ್ರಮವನ್ನು ಪರರ ಹಿತಕ್ಕಾಗಿ ವಹಿಸಿದುದರಲ್ಲಿ ಅವನ ವಿವೇಕವಿದೆ. ಇನ್ನೊಂದು ಸಣ್ಣ ಸಂಗತಿಯನ್ನೂ ನೋಡಿ. ಯೂನಿಕ್ಸಿನಲ್ಲಿ ಒಡೆಯನು ತನ್ನ ಸ್ವಂತ ಡೈರೆಕ್ಟರಿಯ ಮೇಲೆ ತನಗಿರುವ ಬರೆಯುವ ಅನುಮತಿಯನ್ನೇ ತೆಗೆದುಹಾಕಬಹುದು. ಆಗ ಅದರೊಳಗಿನ ಕಡತವನ್ನು ಅವನೂ ಅಳಿಸಲಾರನು. ಬೇಕೆನಿಸಿದಾಗ ಆ ಅನುಮತಿಯನ್ನು ಮರಳಿ ಹಾಕಿಕೊಳ್ಳುವ ಹಕ್ಕು ಅವನಿಗೆ ಇದ್ದೇ ಇದೆ. ಹಾಗಾದರೆ ತೆಗೆದುದರಿಂದ ಲಾಭವೇನು? ಕೈಗೂ ಕಾರ್ಯಕ್ಕೂ ನಡುವೆ, ತಿಳಿದು ಇಡಬೇಕಾದ ಒಂದು ಹೆಜ್ಜೆ ಸೇರಿತು. ಮರೆವಿನಲ್ಲಿ ಆಗಬಹುದಾಗಿದ್ದುದು ಇನ್ನು ಸಂಕಲ್ಪವಿಲ್ಲದೆ ಆಗದು. ಇದು ಬಲವಂತವಲ್ಲ, ತನಗೆ ತಾನೇ ಹಾಕಿಕೊಂಡ ನಿಯಮ.

ಮೂರನೆಯ ಶಂಕೆ ವ್ಯವಹಾರದ್ದು. 'ಹೀಗೆ ಎಲ್ಲಕ್ಕೂ ಎಲ್ಲೆ ಹಾಕಿದರೆ ಕೆಲಸ ಸಾಗುವುದೆಂತು?' ಈ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಅನುಮತಿಯಿಲ್ಲವೆಂಬ ಉತ್ತರ ಎರಡು ಬಾರಿ ಬಂದೊಡನೆ ಬೇಸತ್ತು, ಡೈರೆಕ್ಟರಿಗೆ ೭೭೭ ಎಂದು ಬರೆದು ಕೈತೊಳೆದುಕೊಳ್ಳುವವರು ಎಲ್ಲೆಡೆಯೂ ಇದ್ದಾರೆ. ಕೆಲಸ ಆಗ ಸಾಗುತ್ತದೆ. ಆ ಕೋಶದಲ್ಲಿರುವ ಬಡ ರೋಗಿಯ ವರದಿಯೋ ವಿಧವೆಯ ಪಿಂಚಣಿಯ ಪತ್ರವೋ ಅಂದಿನಿಂದ ಅನಾಥವಾಗುತ್ತದೆ, ಅವರಿಗೆ ಅದು ತಿಳಿಯುವುದೂ ಇಲ್ಲ. ಇದನ್ನು ಮುಂಗಂಡೇ ಸಾಲ್ಟ್‌ಜರ್ ಮತ್ತು ಶ್ರೋಡರ್ ತಮ್ಮ ಎಂಟನೆಯ ತತ್ತ್ವದಲ್ಲಿ, ರಕ್ಷಣೆಯ ಕ್ರಮವು ಜನರಿಗೆ ಸುಲಭವಾಗಿ ಅನುಸರಿಸಲು ಬರುವಂತಿರಬೇಕೆಂದರು. ಶಕ್ತಿ ಮೀರಿ ತೆಗೆದುಕೊಂಡ ಉಪವಾಸ ನಡುವೆಯೇ ಮುರಿಯುವಂತೆ, ಅಳತೆ ತಪ್ಪಿದ ಎಲ್ಲೆಯೂ ಮುರಿಯುತ್ತದೆ. ಕನಿಷ್ಠವೆಂದರೆ ಶೂನ್ಯವಲ್ಲ, ಕೆಲಸಕ್ಕೆ ಸಾಲುವಷ್ಟು. ಒಬ್ಬನೇ ಎಲ್ಲದರ ಕೀಲಿಯನ್ನು ಹಿಡಿದು, ಅವನು ಹಾಸಿಗೆ ಹಿಡಿದ ದಿನ ಸಂಸ್ಥೆಯೇ ನಿಂತುಹೋಗುವಂತಿದ್ದರೆ ಅದೂ ಅಳತೆ ತಪ್ಪಿದ ಏರ್ಪಾಡೇ.

ಇನ್ನೊಂದು ಎಚ್ಚರವನ್ನು ಹೇಳಿ ಮುಗಿಸುವೆನು. ದಿಗ್ವ್ರತದ ಅತಿಚಾರಗಳಲ್ಲಿ ಕಡೆಯದು ಸ್ಮೃತ್ಯಂತರಾಧಾನ, ಎಂದರೆ ತಾನು ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು. ಯಂತ್ರಗಳಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷವೂ ಇದೇ. ಒಂದು ವಾರದ ಕೆಲಸಕ್ಕೆಂದು ಕೊಟ್ಟ ಅನುಮತಿ ಹತ್ತು ವರ್ಷವಾದರೂ ಹಾಗೆಯೇ ಇರುತ್ತದೆ. ಕೆಲಸ ಬಿಟ್ಟುಹೋದವನ ಹೆಸರು ಗುಂಪಿನಲ್ಲಿ ಉಳಿದಿರುತ್ತದೆ. ಕೊಟ್ಟವರಿಗೆ ನೆನಪಿಲ್ಲ; ಪಡೆದವರಿಗೂ ನೆನಪಿಲ್ಲ; ಯಂತ್ರಕ್ಕೆ ಮಾತ್ರ ನೆನಪಿದೆ. ಆದುದರಿಂದ ವರ್ಷಕ್ಕೆ ಒಂದೆರಡು ಬಾರಿಯಾದರೂ ಯಾರಿಗೆ ಏನಿದೆ, ಅದು ಇನ್ನೂ ಬೇಕೇ ಎಂದು ಪರಿಶೀಲಿಸುವ ಪದ್ಧತಿ ಅವಶ್ಯ. ಮನೆಗಳಲ್ಲಿಯೂ ಇದು ಸಾಧ್ಯ. ಮನೆಯ ಕಂಪ್ಯೂಟರಿನಲ್ಲಿ ನಿತ್ಯದ ಬಳಕೆಗೆ ಸಾಮಾನ್ಯ ಖಾತೆಯನ್ನಿಟ್ಟು, ಪಾಲಕನ ಖಾತೆಯನ್ನು ಅಗತ್ಯಬಿದ್ದಾಗ ಮಾತ್ರ ತೆರೆಯಬಹುದು. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ೨೦೧೫ರ ಆವೃತ್ತಿಯಿಂದೀಚೆಗೆ ಪ್ರೋಗ್ರಾಂಗಳು ಸಂಪರ್ಕಗಳನ್ನು, ಚಿತ್ರಗಳನ್ನು, ಧ್ವನಿಯನ್ನು ಮುಟ್ಟುವ ಮೊದಲು ಅನುಮತಿ ಕೇಳುತ್ತವೆ. ಕೊಟ್ಟುದನ್ನು ಹಿಂದಕ್ಕೆ ಪಡೆಯಲೂ ಬರುತ್ತದೆ. ಪಂಚಾಂಗ ತೋರಿಸುವ ಪ್ರೋಗ್ರಾಮಿಗೆ ನಮ್ಮ ಬಂಧುಗಳ ದೂರವಾಣಿ ಸಂಖ್ಯೆಗಳು ಏತಕ್ಕೆಂದು ಒಂದು ಕ್ಷಣ ಕೇಳಿಕೊಂಡು ಉತ್ತರಿಸಿದರೆ ಸಾಕು. ಅಲ್ಲಿ ನಾವು ಕೊಡುವುದು ನಮ್ಮ ಸ್ವತ್ತನ್ನಲ್ಲ, ನಮ್ಮನ್ನು ನಂಬಿ ಸಂಖ್ಯೆ ಕೊಟ್ಟವರ ಸ್ವತ್ತನ್ನು.

ಹೀಗೆ ವಿಚಾರಿಸಿದರೆ ಮೊದಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಊರಿನ ಬೀಗದ ಕೈಗಳನ್ನು ಬಳಸದೆ ಇಟ್ಟುಕೊಂಡವನು ಕಳ್ಳನಲ್ಲ, ಆದರೂ ನಿರ್ದೋಷಿಯಲ್ಲ. ತನ್ನ ಎಚ್ಚರ ಎಂದೂ ತಪ್ಪದೆಂಬ ಭರವಸೆಯ ಮೇಲೆ ಅವನು ಊರಿನ ಕ್ಷೇಮವನ್ನು ಒತ್ತೆಯಿಟ್ಟಿದ್ದಾನೆ, ಅದೂ ಊರಿನವರನ್ನು ಕೇಳದೆ. ಆ ಕೈಗಳನ್ನು ಅವರವರಿಗೆ ಹಿಂದಿರುಗಿಸಿ ತನ್ನ ಮನೆಯದೊಂದನ್ನು ಇಟ್ಟುಕೊಂಡರೆ ಅವನ ಸಜ್ಜನಿಕೆಗೆ ಕುಂದಿಲ್ಲ. ಊರಿನವರ ನಿದ್ರೆಗೂ ಭಂಗವಿಲ್ಲ. ನಮ್ಮ ಹೆಸರಿನಲ್ಲಿ ಯಾವ ಯಾವ ಬಾಗಿಲುಗಳ ಕೈಗಳು ಇನ್ನೂ ಉಳಿದಿವೆಯೆಂದು ವಾಚಕರು ತಮ್ಮ ಮನೆಗಳಲ್ಲಿಯೂ ತಾವು ಸೇವೆ ಸಲ್ಲಿಸುವ ಸಂಸ್ಥೆಗಳಲ್ಲಿಯೂ ಒಮ್ಮೆ ಎಣಿಸಿನೋಡಬೇಕಾಗಿ ವಿನಂತಿ.